ಅರವಟ್ಟಿಗೆಯಿಂದ ಅರವಟ್ಟಿಗೆಗೆ

೧೮೮೮ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಗೃಹಿಣಿಯೊಬ್ಬಳು, ಗಂಡನಿಗೆ ತಿಳಿಸದೆ, ಹದಿನೈದು ಮತ್ತು ಹದಿಮೂರು ವರ್ಷದ ತನ್ನ ಇಬ್ಬರು ಗಂಡುಮಕ್ಕಳನ್ನು ಜೊತೆಗೆ ಕರೆದುಕೊಂಡು, ಮನೆಯ ಕಾರ್ಖಾನೆಯಲ್ಲಿದ್ದ ಮೂರು ಗಾಲಿಯ ಬಂಡಿಯೊಂದನ್ನು ರಸ್ತೆಗೆ ತಂದಳು. ಆಕೆಯ ಹೆಸರು ಬೆರ್ತಾ ಬೆಂಜ್. ಬಂಡಿಯು ಆಕೆಯ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೋಟಾರು. ಹೊರಟದ್ದು ಸುಮಾರು ೧೦೬ ಕಿಲೋಮೀಟರು ದೂರದ ಫೋರ್ಟ್ಸ್‌ಹೈಮ್ ಎಂಬ ಊರಿಗೆ, ತನ್ನ ತಾಯಿಯನ್ನು ನೋಡಿಬರುವುದಕ್ಕೆ. ದಾರಿಯಲ್ಲಿ ಇಂಧನ ಮುಗಿಯಿತು. ಆಗ ಜಗತ್ತಿನಲ್ಲಿ ಎಲ್ಲಿಯೂ ಪೆಟ್ರೋಲು ಬಂಕು ಎಂಬುದಿರಲಿಲ್ಲ. ಆಕೆ ವೀಸ್‌ಲಾಖ್ ಎಂಬ ಸಣ್ಣ ಊರಿನ ಔಷಧದಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯುವುದಕ್ಕೆಂದು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಬಂಡಿಗೆ ಸುರಿದಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಸಂಜೆ ತೌರು ಸೇರಿದ ಮೇಲೆ ಗಂಡನಿಗೆ ತಂತಿ ಹೋಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಆಕೆಯ ಧೈರ್ಯಕ್ಕೆ ನಿದರ್ಶನವಾಗಿ ಹೇಳುವುದುಂಟು. ಧೈರ್ಯ ಇದ್ದದ್ದು ನಿಜ; ಅದರ ಜೊತೆಗೆ ಒಂದು ಲೆಕ್ಕಾಚಾರವೂ ಇತ್ತೆಂಬುದನ್ನು ಗಮನಿಸಿದವರು ಕಡಮೆ. ಇಂಧನವು ಎಲ್ಲಿ ಬೇಕೆಂದರಲ್ಲಿ ದೊರೆಯುವ ವಸ್ತುವಲ್ಲ, ಅದಕ್ಕೊಂದು ಠಿಕಾಣೆಯಿದೆ, ಆ ಠಿಕಾಣೆಗೆ ಬಂಡಿಯನ್ನು ಮುಟ್ಟಿಸುವುದೇ ಪ್ರಯಾಣದ ಮುಖ್ಯ ಕೆಲಸವೆಂಬುದು ಆಕೆಗೆ ಗೊತ್ತಿತ್ತು. ಆಮೇಲಿನ ನೂರು ವರ್ಷಗಳಲ್ಲಿ ಪೆಟ್ರೋಲು ಬಂಕುಗಳು ಊರೂರಿಗೂ ಬಂದು ಮನುಷ್ಯನು ಆ ಮಾತನ್ನು ಮರೆತ. ಈಗ ವಿದ್ಯುತ್ತಿನ ಕಾರು ಬಂದು ಅದನ್ನು ಮತ್ತೆ ನೆನಪಿಗೆ ತಂದಿದೆ.

ವಿದ್ಯುತ್ ಕಾರು ಹೊಸದೆಂದು ತಿಳಿಯುವುದೂ ಸರಿಯಲ್ಲ. ಭೂಮಿಯ ಮೇಲೆ ಗಂಟೆಗೆ ನೂರು ಕಿಲೋಮೀಟರು ವೇಗವನ್ನು ಮೊದಲು ದಾಟಿದ ಮೋಟಾರು ವಿದ್ಯುತ್ತಿನದೇ. ೧೮೯೯ರಲ್ಲಿ ಕಾಮಿಯ್ ಜೆನಾಟ್ಸಿ ಎಂಬ ಬೆಲ್ಜಿಯಂ ದೇಶದವನು ಅದನ್ನು ನಡೆಸಿದ. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ೨೦೦೧ರಲ್ಲಿ ಮಾರಾಟಕ್ಕೆ ಬಂತು. ಅದನ್ನು ಕೊಂಡವರು ಮಲ್ಲೇಶ್ವರದಿಂದ ಜಯನಗರಕ್ಕೆ ಹೋಗಿಬಂದು ಸಂತೋಷಪಟ್ಟರು; ಹಾಸನಕ್ಕೆ ಹೋಗುವ ಯೋಚನೆಯನ್ನು ಯಾರೂ ಮಾಡಲಿಲ್ಲ. ಆ ಯೋಚನೆ ಮಧ್ಯಮ ವರ್ಗದ ಮನೆಗಳಿಗೆ ಪ್ರವೇಶಿಸಿದುದು ಕಳೆದ ಕೆಲವು ವರ್ಷಗಳಲ್ಲಿ. ಅದರೊಂದಿಗೆ ಒಂದು ಹೊಸ ಬಗೆಯ ಕಳವಳವೂ ಪ್ರವೇಶಿಸಿತು.

ಬೆಂಗಳೂರಿನ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಾಯಿ. ತಾಯಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಿ, ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು. ಶ್ರಾವಣ ಮಾಸದಲ್ಲಿ ಮಂಗಳೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶ. ಕಾರು ಎರಡು ವರ್ಷದ ಹಿಂದೆ ಕೊಂಡದ್ದು, ಮೂವತ್ತು ಯೂನಿಟ್ ಹಿಡಿಸುವ ಬ್ಯಾಟರಿ. ೨೦೨೦ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಕಾರಿನ ಬ್ಯಾಟರಿಯೂ ಹೆಚ್ಚು ಕಡಮೆ ಇಷ್ಟೇ, ೩೦.೨ ಯೂನಿಟ್; ಪರೀಕ್ಷಾಲಯದ ಪ್ರಮಾಣದಂತೆ ಅದರ ಓಟ ೩೧೨ ಕಿಲೋಮೀಟರು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು ೩೫೦ ಕಿಲೋಮೀಟರು. ದಾರಿಯಲ್ಲಿ ಎಲ್ಲಿಯಾದರೂ ಅರ್ಧ ಗಂಟೆ ನಿಂತರೆ ಮುಗಿಯಿತು ಎಂದು ಗೃಹಸ್ಥನು ಕೈಬೆರಳಿನಲ್ಲಿಯೇ ಲೆಕ್ಕ ಮುಗಿಸುತ್ತಾನೆ. ಹೆಂಡತಿ ಮಾತ್ರ ಮಗಳ ಹಳೆಯ ನೋಟುಬುಕ್ಕೊಂದನ್ನು ತೆಗೆದುಕೊಂಡು ಊರುಗಳ ಹೆಸರನ್ನು ಒಂದರ ಕೆಳಗೊಂದು ಬರೆಯತೊಡಗುತ್ತಾಳೆ: ನೆಲಮಂಗಲ, ಕುಣಿಗಲ್, ಯಡಿಯೂರು, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ಬಂಟ್ವಾಳ.

ಪ್ರಯಾಣ ಆರಂಭವಾಗುವುದು ಈ ಪಟ್ಟಿಯಿಂದಲೇ ಹೊರತು ಕಾರಿನ ಕೀಲಿಕೈಯಿಂದಲ್ಲ. ಪರೀಕ್ಷಾಲಯದ ೩೧೨ ಕಿಲೋಮೀಟರು ಹೆದ್ದಾರಿಯಲ್ಲಿ ದೊರೆಯುವುದಿಲ್ಲ. ಪರೀಕ್ಷಾಲಯದಲ್ಲಿ ಐದು ಜನರ ಭಾರ, ತಣ್ಣನೆಯ ಗಾಳಿ ಊದುವ ಯಂತ್ರ, ಗೃಹಪ್ರವೇಶದ ಹಿತ್ತಾಳೆಯ ಕೊಡ ಇವು ಯಾವುವೂ ಇರುವುದಿಲ್ಲ. ಗಾಳಿಯ ಎದುರೊತ್ತು ವೇಗದ ವರ್ಗದಂತೆ ಬೆಳೆಯುತ್ತದೆ: ಎಂಬತ್ತರಲ್ಲಿ ಹೋಗುವವನು ನೂರಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲು ಭಾಗ, ಎದುರೊತ್ತು ಹೆಚ್ಚಿದ್ದು ಅರ್ಧಕ್ಕಿಂತಲೂ ಮೇಲು. ಪೆಟ್ರೋಲು ಕಾರಿನಲ್ಲಿಯೂ ಇದೇ ನಿಯಮ. ಆದರೆ ಅಲ್ಲಿ ನಷ್ಟವು ಜೇಬಿಗೆ ಮಾತ್ರ ತಗಲುತ್ತದೆ, ಇಲ್ಲಿ ದಾರಿಗೇ ತಗಲುತ್ತದೆ. ಇಂಥ ಕಾರಿಗೆ ಹೆದ್ದಾರಿಯಲ್ಲಿ ಯೂನಿಟ್ಟಿಗೆ ಆರೂವರೆ ಕಿಲೋಮೀಟರೆಂದು ಹಿಡಿಯುವುದು ವಿವೇಕ. ಆಗ ಮೂವತ್ತು ಯೂನಿಟ್ಟಿಗೆ ೧೯೫ ಕಿಲೋಮೀಟರು. ಹಾಸನಕ್ಕೆ ಇರುವ ದೂರ ೧೮೫.

ಗೃಹಸ್ಥನ ಕಣ್ಣು ಅರಳುವುದು ಇಲ್ಲಿಯೇ. ಹಾಸನದವರೆಗೆ ಒಂದೇ ಓಟ! ಹತ್ತು ಕಿಲೋಮೀಟರು ಉಳಿಕೆ ಬೇರೆ! ಹೀಗೆ ಲೆಕ್ಕ ಹಾಕಿ ಹೊರಟು, ದಾರಿಯ ಕಾಮಗಾರಿಗೊಂದು ಸುತ್ತು, ಮಳೆಗೊಂದಷ್ಟು, ಎದುರುಗಾಳಿಗೊಂದಷ್ಟು ಎಂದು ಕಳೆದುಕೊಂಡು, ಹಾಸನ ಕಣ್ಣಿಗೆ ಕಾಣುವಷ್ಟರಲ್ಲಿ ಹೆದ್ದಾರಿಯ ಅಂಚಿನಲ್ಲಿ ನಿಂತವರುಂಟು. ಪೆಟ್ರೋಲು ಮುಗಿದವನು ಡಬ್ಬಿ ಹಿಡಿದು ಯಾರದಾದರೂ ಸ್ಕೂಟರಿನ ಹಿಂದೆ ಕುಳಿತು ಹೋಗಿಬರಬಹುದು. ವಿದ್ಯುತ್ತನ್ನು ಡಬ್ಬಿಯಲ್ಲಿ ತರಲಾಗುವುದಿಲ್ಲ. ಲಾರಿಯೇ ಬಂದು ಕಾರನ್ನು ಹೊತ್ತುಕೊಂಡು ಹೋಗಬೇಕು.

ಹೆಂಡತಿಯ ನೋಟುಬುಕ್ಕಿನಲ್ಲಿ ಬೇರೆ ಲೆಕ್ಕವಿದೆ. ಚನ್ನರಾಯಪಟ್ಟಣ ಸುಮಾರು ೧೪೭ ಕಿಲೋಮೀಟರು. ಅಲ್ಲಿಗೆ ಮುಟ್ಟುವಾಗ ಇಪ್ಪತ್ತೆರಡೂವರೆ ಯೂನಿಟ್ ಮುಗಿದು ಏಳೂವರೆ ಉಳಿದಿರುತ್ತದೆ. ಅಲ್ಲಿಂದ ಹಾಸನಕ್ಕೆ ಮೂವತ್ತೆಂಟು ಕಿಲೋಮೀಟರು, ಆರು ಯೂನಿಟ್. ಎಂದರೆ ಚನ್ನರಾಯಪಟ್ಟಣದ ಯಂತ್ರ ಕೆಟ್ಟಿದ್ದರೂ ಹಾಸನದ ಯಂತ್ರವನ್ನು ಮುಟ್ಟಬಹುದು. ಆಕೆ ಚನ್ನರಾಯಪಟ್ಟಣದ ಮುಂದೆ ಒಂದು ಸರಿ ಗುರುತು ಹಾಕಿ, ಹಾಸನದ ಮುಂದೆ ಎರಡು ಗುರುತು ಹಾಕುತ್ತಾಳೆ. ವಿದ್ಯುತ್ ಕಾರಿನಲ್ಲಿ ದೂರ ಪ್ರಯಾಣ ಮಾಡುವವರು ಕಲಿಯಬೇಕಾದುದೆಲ್ಲವೂ ಆ ಎರಡು ಗುರುತಿನಲ್ಲಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಯಾವ ಕೇಂದ್ರದಲ್ಲಿ ನಿಲ್ಲಬೇಕೆಂಬುದು ಮೊದಲ ಪ್ರಶ್ನೆಯಲ್ಲ; ಆ ಕೇಂದ್ರ ಕೈಕೊಟ್ಟರೆ ಮುಂದಿನದನ್ನು ಮುಟ್ಟುವಷ್ಟು ಕೈಯಲ್ಲಿ ಉಳಿದಿರುತ್ತದೆಯೆ ಎಂಬುದು ಮೊದಲ ಪ್ರಶ್ನೆ. ಹಾಸನವನ್ನೇ ಮೊದಲ ನಿಲುಗಡೆಯೆಂದು ನಂಬಿದವನಿಗೆ ಎರಡನೆಯದೆಂಬುದೇ ಇಲ್ಲ.

(ಪ್ರಾಸಂಗಿಕವಾಗಿ ಒಂದು ಮಾತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ ತಂತಿಯ ಉದ್ದ ಸುಮಾರು ೯೨ ಮೈಲಿ. ಇದು ಹೆಚ್ಚು ಕಡಮೆ ಬೆಂಗಳೂರಿನಿಂದ ಚನ್ನರಾಯಪಟ್ಟಣಕ್ಕಿರುವ ದೂರವೇ. ಅಷ್ಟು ದೂರ ವಿದ್ಯುತ್ತನ್ನು ಒಯ್ದದ್ದು ಆ ಕಾಲದ ಲೋಕಕ್ಕೇ ಸೋಜಿಗವಾಗಿತ್ತು.)

ಪ್ರಯಾಣದ ದಿನ ನಸುಕಿನಲ್ಲಿ ಹೊರಟು ಬೆಳಗಿನ ತಿಂಡಿಯ ಹೊತ್ತಿಗೆ ಚನ್ನರಾಯಪಟ್ಟಣದ ಬಳಿ ಬಂದಾಗ ಏನಾಗುತ್ತದೆಂಬುದನ್ನು ಇಂಥ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಕೇಂದ್ರವಿದೆ, ಯಂತ್ರವಿದೆ, ಯಂತ್ರದ ಮುಖದಲ್ಲಿ ದೀಪವಿಲ್ಲ. ಕಾವಲುಗಾರನು ‘ನಿನ್ನೆಯಿಂದ ಹೀಗೆಯೇ’ ಎನ್ನುತ್ತಾನೆ. ಗೃಹಸ್ಥನು ದೂರವಾಣಿಯ ನಕ್ಷೆಯನ್ನು ನೋಡುತ್ತಾನೆ. ಅಲ್ಲಿ ಆ ಯಂತ್ರ ಹಸಿರು ಬಣ್ಣದಲ್ಲಿ ಸೊಗಸಾಗಿ ನಗುತ್ತಿದೆ. ಯಂತ್ರ ಇದೆಯೆಂಬುದನ್ನಷ್ಟೇ ಹಲವು ನಕ್ಷೆಗಳು ಬಲ್ಲವು. ಅದು ಓಡುತ್ತಿದೆಯೆ ಎಂಬುದನ್ನು ಬಲ್ಲವರು ನಿನ್ನೆ ಅಲ್ಲಿ ನಿಂತಿದ್ದ ಪ್ರಯಾಣಿಕರು. ಪ್ಲಗ್‌ಶೇರ್‌ನಂಥ ನಕ್ಷೆಗಳಲ್ಲಿ ಪ್ರಯಾಣಿಕರೇ ಬರೆದಿಟ್ಟ ಟಿಪ್ಪಣಿಗಳಿರುತ್ತವೆ. ಯಾವ ದಿನ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದನ್ನು ಹೊರಡುವ ಹಿಂದಿನ ರಾತ್ರಿ ಓದಿಕೊಳ್ಳುವುದು ಯಾವ ಜಾಹೀರಾತನ್ನು ಓದುವುದಕ್ಕಿಂತಲೂ ಲೇಸು.

ತಾಯಿಗೆ ತಿಂಡಿಯಾಗುತ್ತದೆ. ಆಮೇಲೆ ಗೃಹಸ್ಥನು ವೇಗವನ್ನು ಅರವತ್ತಕ್ಕೆ ಇಳಿಸಿ, ತಣ್ಣನೆಯ ಗಾಳಿಯ ಯಂತ್ರ ನಿಲ್ಲಿಸಿ, ಕಿಟಕಿಯನ್ನು ಒಂದಿಷ್ಟು ತೆರೆದು, ಲಾರಿಗಳೆಲ್ಲ ತನ್ನನ್ನು ದಾಟಿ ಹೋಗುವುದನ್ನು ಸಹಿಸಿಕೊಂಡು ಹಾಸನದ ಕಡೆಗೆ ಹೊರಡುತ್ತಾನೆ. ಆ ಮೂವತ್ತೆಂಟು ಕಿಲೋಮೀಟರಿನಲ್ಲಿ ಕಾರಿನೊಳಗೆ ಯಾರೂ ಮಾತನಾಡುವುದಿಲ್ಲ. ಶೇಕಡ ಇಪ್ಪತ್ತೈದು ಇಪ್ಪತ್ತಾಗುತ್ತದೆ, ಹದಿನೈದಾಗುತ್ತದೆ, ಹನ್ನೆರಡಾಗುತ್ತದೆ. ಮಕ್ಕಳು ಅಂಕಿಯನ್ನು ನೋಡುತ್ತಾರೆ. ಮುದುಕಿ ಮಕ್ಕಳ ಮುಖವನ್ನು ನೋಡುತ್ತಾಳೆ. ಹಾಸನದ ಕೇಂದ್ರ ಮುಟ್ಟುವಾಗ ಶೇಕಡ ಎಂಟು ಉಳಿದಿರುತ್ತದೆ. ಎಂಟು ಅಲ್ಪವಾಯಿತು, ಆದರೆ ಅದು ಅದೃಷ್ಟದಿಂದ ಉಳಿದುದಲ್ಲ. ಹಿಂದಿನ ರಾತ್ರಿ ನೋಟುಬುಕ್ಕಿನಲ್ಲಿ ಉಳಿಸಿದ್ದು.

ಕೇಂದ್ರವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ಟಿನಷ್ಟು ಹರಿಯುತ್ತದೆ. ಬರಿದಾದ ಬ್ಯಾಟರಿ ತುಂಬಲು ಒಂಬತ್ತು ಹತ್ತು ಗಂಟೆ, ಎಂದರೆ ಒಂದು ರಾತ್ರಿ. ಗೋಡೆಗೆ ಕೂಡಿಸುವ ಏಳು ಕಿಲೋವ್ಯಾಟಿನ ಪೆಟ್ಟಿಗೆ ಅದಕ್ಕಿಂತ ಇಮ್ಮಡಿ ವೇಗದ್ದು. ಹೆದ್ದಾರಿಯಲ್ಲಿ ಪ್ರಯೋಜನಕ್ಕೆ ಬರುವುದು ನೇರ ವಿದ್ಯುತ್ತಿನ ಶೀಘ್ರ ಯಂತ್ರಗಳು, ಇಪ್ಪತ್ತೈದು, ಐವತ್ತು, ನೂರಿಪ್ಪತ್ತು ಕಿಲೋವ್ಯಾಟಿನವು. ನೂರಿಪ್ಪತ್ತರದು ದೊರೆಯಿತೆಂದು ಹಿಗ್ಗಬೇಕಾಗಿಯೂ ಇಲ್ಲ. ಬ್ಯಾಟರಿ ತನ್ನ ಶಕ್ತಿಗೆ ಮೀರಿ ಕುಡಿಯುವುದಿಲ್ಲ. ಶೇಕಡ ಎಂಬತ್ತು ದಾಟಿದ ಮೇಲಂತೂ ಊಟ ಮುಗಿಸಿದ ಮಗುವಿನ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತದೆ. ಎಂಬತ್ತರಿಂದ ನೂರಕ್ಕೆ ಏರಿಸಲು ಕಾಯುವ ಹೊತ್ತಿನಲ್ಲಿ ಮುಂದಿನ ಊರಿಗೆ ಹೋಗಿ ಅಲ್ಲಿ ಮತ್ತೆ ತುಂಬಿಕೊಳ್ಳಬಹುದು. ಆದ್ದರಿಂದ ಒಂದು ದೀರ್ಘ ನಿಲುಗಡೆಗಿಂತ ಎರಡು ಚಿಕ್ಕವು ಮೇಲು. ಆದರೆ ಮುಂದಿನ ಊರಿನಲ್ಲಿ ಯಂತ್ರ ಇಲ್ಲದಿದ್ದಾಗ, ಅಥವಾ ಮುದುಕಿ ಹೇಗೂ ಊಟ ಮಾಡಿ ಅರ್ಧ ಗಂಟೆ ಕಾಲು ಚಾಚಬೇಕಾದಾಗ, ಈ ಜಾಣತನವನ್ನು ಬದಿಗಿಟ್ಟು ತೊಂಬತ್ತರವರೆಗೆ ತುಂಬಿಸುವುದೇ ಸರಿ. ನಮ್ಮ ಗೃಹಸ್ಥನು ಹಾಸನದಲ್ಲಿ ಹಾಗೆಯೇ ಮಾಡುತ್ತಾನೆ.

ನಿಲುಗಡೆಯ ಜಾಗವನ್ನು ಆರಿಸುವಾಗ ಯಂತ್ರದ ವೇಗಕ್ಕಿಂತಲೂ ಮುಖ್ಯವಾದ ಸಂಗತಿಗಳಿವೆ. ಹಲವು ಯಂತ್ರಗಳು ಕಾರು ಮಾರುವ ಮಳಿಗೆಗಳ ಅಂಗಳದಲ್ಲಿವೆ. ಮಳಿಗೆ ಮುಚ್ಚಿದರೆ ಗೇಟೂ ಮುಚ್ಚುತ್ತದೆ. ಕೆಲವು ಕಡೆ ಯಂತ್ರ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ. ಆದರೆ ರಾತ್ರಿ ದೀಪವಿಲ್ಲ, ಜನವಿಲ್ಲ, ಶೌಚಾಲಯವಿಲ್ಲ. ಹೆಂಗಸೊಬ್ಬಳು ಮಕ್ಕಳೊಂದಿಗೆ ಮುಕ್ಕಾಲು ಗಂಟೆ ಅಲ್ಲಿ ಕಾಯಬೇಕೆಂದರೆ ಆ ಯಂತ್ರ ಇದ್ದೂ ಇಲ್ಲದಂತೆ. ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಆ್ಯಪು, ಒಂದೊಂದರಲ್ಲಿಯೂ ಮುಂಗಡ ಹಣ. ದೂರವಾಣಿಗೆ ಸಂಕೇತ ಸಿಗದ ಜಾಗದಲ್ಲಿ ಹಣವಿದ್ದೂ ಯಂತ್ರ ಬಾಯಿ ತೆರೆಯುವುದಿಲ್ಲ. ಇವನ್ನೆಲ್ಲ ಮನೆಯಲ್ಲಿಯೇ ಸಿದ್ಧಮಾಡಿಕೊಂಡು ಹೊರಡಬೇಕು. ವೆಚ್ಚದ ವಿಷಯದಲ್ಲಿಯೂ ಭ್ರಮೆ ಬೇಡ: ಸಾರ್ವಜನಿಕ ಯಂತ್ರದ ದರ ಮನೆಯ ದರದ ಎರಡು ಮೂರು ಪಟ್ಟು ಇರುವುದು ಸಾಮಾನ್ಯ, ಅದರ ಮೇಲೆ ಶೇಕಡ ೧೮ರ ತೆರಿಗೆ.

ಹಾಸನದಿಂದ ಸಕಲೇಶಪುರ ನಲವತ್ತು ಕಿಲೋಮೀಟರು. ಆಮೇಲೆ ಶಿರಾಡಿ ಘಟ್ಟ. ವಿದ್ಯುತ್ ಕಾರಿಗೆ ಘಟ್ಟವೆಂಬುದು ಇಳಿಯುವಾಗ ಒಂದು, ಹತ್ತುವಾಗ ಮತ್ತೊಂದು. ಸಕಲೇಶಪುರಕ್ಕೂ ಘಟ್ಟದ ಬುಡಕ್ಕೂ ಎತ್ತರದಲ್ಲಿ ಎಂಟುನೂರೈವತ್ತು ಮೀಟರಿನ ಆಸುಪಾಸಿನ ಅಂತರವಿದೆ. ಐದು ಜನರನ್ನು ಕೂಡಿಸಿಕೊಂಡ ಕಾರಿನ ತೂಕ ಸಾವಿರದ ಏಳುನೂರು ಕಿಲೋ ಎಂದಿಟ್ಟುಕೊಂಡರೆ, ಆ ತೂಕವನ್ನು ಆ ಎತ್ತರಕ್ಕೆ ಎತ್ತುವುದಕ್ಕೇ ಸುಮಾರು ನಾಲ್ಕು ಯೂನಿಟ್ ಬೇಕು. ಇಳಿಯುವಾಗ ಅದರ ಬಹುಭಾಗ ಮರಳಿ ಬರುತ್ತದೆ. ಕಾರಿನ ಮೋಟಾರು ಇಳಿಜಾರಿನಲ್ಲಿ ಜನಕಯಂತ್ರವಾಗಿ ತಿರುಗಿ, ಬ್ರೇಕಿನಲ್ಲಿ ಸುಟ್ಟುಹೋಗಬೇಕಾಗಿದ್ದ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಹೀಗಾಗಿ ಸಕಲೇಶಪುರದಿಂದ ಗುಂಡ್ಯದವರೆಗಿನ ಸುಮಾರು ಮೂವತ್ತೈದು ಕಿಲೋಮೀಟರು ಹೆಚ್ಚು ಕಡಮೆ ಪುಕ್ಕಟೆ. ಮಕ್ಕಳಿಗೆ ಇದು ಇಂದ್ರಜಾಲ: ಕಾರು ಓಡುತ್ತಿದೆ, ಅಂಕಿ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ! ಆದರೆ ಘಟ್ಟದ ತಲೆಯಲ್ಲಿ ಬ್ಯಾಟರಿಯನ್ನು ತುಳುಕುವಂತೆ ತುಂಬಿಸಿಕೊಂಡವನಿಗೆ ಈ ಲಾಭವಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯುವುದು ಹೇಗೆ? ಜೊತೆಗೆ ಹಿಂದಕ್ಕೆಳೆಯುವ ಹಿಡಿತವೂ ಕುಗ್ಗಿ ಮಾಮೂಲಿನ ಬ್ರೇಕನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಸಕಲೇಶಪುರದಲ್ಲಿ ಕಾಫಿ ಕುಡಿಯುವುದಕ್ಕೆ ನಿಂತವರು ಕಾರಿಗೆ ಕುಡಿಸದಿರುವುದೇ ಒಳ್ಳೆಯದು.

ಮಂಗಳೂರಿನಲ್ಲಿ ಗೃಹಪ್ರವೇಶದ ಮನೆ. ಹೊಸ ಮನೆಯ ಹೊರಗೋಡೆಯಲ್ಲಿ ಹದಿನೈದು ಆಂಪಿಯರಿನ ಪ್ಲಗ್ಗು, ಸರಿಯಾದ ಭೂಸಂಪರ್ಕ. ತಂಗಿಯ ಗಂಡನಿಗೆ ಹೆಂಡತಿಯು ತಿಂಗಳ ಮೊದಲೇ ಕಾಗದ ಬರೆದಂತೆ ಬರೆದು ಅದನ್ನು ಹಾಕಿಸಿದ್ದಳು. ದೂರ ಪ್ರಯಾಣದ ಎಲ್ಲ ಕೇಂದ್ರಗಳಲ್ಲಿಯೂ ನಂಬಿಗಸ್ತವಾದುದು ಹೀಗೆ ನೆಂಟರ ಮನೆಯ ಗೋಡೆಯಲ್ಲಿರುವುದೇ. ರಾತ್ರಿ ಹೋಮದ ಹೊಗೆಯಾರಿದ ಮೇಲೆ ಕಾರು ತನ್ನ ಪಾಡಿಗೆ ತಾನು ತುಂಬಿಕೊಳ್ಳುತ್ತದೆ. ನೆಂಟರು ಹಣ ತೆಗೆದುಕೊಳ್ಳುವುದಿಲ್ಲವೆಂಬುದೊಂದು ಸಂಕೋಚ. ಅದನ್ನು ಮಗುವಿನ ಕೈಗೆ ಉಡುಗೊರೆಯಾಗಿ ಕೊಟ್ಟು ತೀರಿಸಬಹುದು.

ಮರಳುವ ದಿನವೇ ನಿಜವಾದ ಪರೀಕ್ಷೆ. ಶ್ರಾವಣವೆಂದರೆ ಪಶ್ಚಿಮ ಘಟ್ಟದಲ್ಲಿ ಮಳೆಯ ನಡುಹೊತ್ತು. ೨೦೧೮ರ ಆಗಸ್ಟಿನಲ್ಲಿ ಶಿರಾಡಿಯೂ ಮಡಿಕೇರಿಯ ಕಡೆಯ ಸಂಪಾಜೆಯೂ ಗುಡ್ಡ ಕುಸಿದು ಒಟ್ಟಿಗೇ ಮುಚ್ಚಿದ್ದುವು. ೨೦೨೪ರ ಜುಲೈಯಲ್ಲಿಯೂ ಶಿರಾಡಿಯಲ್ಲಿ ಮಣ್ಣು ಜರಿದು ಸಂಚಾರ ನಿಂತಿತು. ಪೆಟ್ರೋಲು ಕಾರಿನವನಿಗೆ ಮುಚ್ಚಿದ ಘಟ್ಟವೆಂದರೆ ಬೇಸರ ಮತ್ತು ಬಳಸುದಾರಿ. ವಿದ್ಯುತ್ ಕಾರಿನವನಿಗೆ ಅದು ಲೆಕ್ಕದ ಪುಟವನ್ನೇ ಹರಿದಂತೆ. ಮಂಗಳೂರಿನಿಂದ ಗುಂಡ್ಯಕ್ಕೆ ತೊಂಬತ್ತು ಕಿಲೋಮೀಟರು, ಹದಿನಾಲ್ಕು ಯೂನಿಟ್. ಅಲ್ಲಿಂದ ಘಟ್ಟ ಹತ್ತುವುದಕ್ಕೆ ಒಂಬತ್ತು. ಬಂದಾಗ ಪುಕ್ಕಟೆಯಾಗಿದ್ದ ದಾರಿ ಈಗ ಐವತ್ತೈದು ಅರುವತ್ತು ಕಿಲೋಮೀಟರಿನ ಬೆಲೆ ಕೇಳುತ್ತದೆ. ಸಕಲೇಶಪುರಕ್ಕೆ ಏಳು ಯೂನಿಟ್ ಉಳಿಸಿಕೊಂಡು ಹತ್ತಬಹುದು, ಹಾಸನವನ್ನು ಒಂದು ಯೂನಿಟ್ಟಿನೊಡನೆ ಮುಟ್ಟಬಹುದು. ಎಲ್ಲವೂ ಸರಿಯಿದ್ದರೆ! ಗುಂಡ್ಯದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದರೆ?

ಆದ್ದರಿಂದ ಘಟ್ಟದ ಬುಡದಲ್ಲಿ, ಬೇಕೆನಿಸದಿದ್ದರೂ, ತುಂಬಿಕೊಳ್ಳಬೇಕು. ಉಪ್ಪಿನಂಗಡಿಯ ಸುತ್ತಿನಲ್ಲಿ ಆ ದಿನ ಓಡುತ್ತಿರುವ ಯಂತ್ರ ಯಾವುದೆಂದು ಹಿಂದಿನ ಸಂಜೆಯೇ ಖಚಿತಪಡಿಸಿಕೊಂಡು, ಮಂಗಳೂರು ಬಿಟ್ಟು ಐವತ್ತೈದು ಕಿಲೋಮೀಟರಾದರೂ ಅಲ್ಲಿ ನಿಲ್ಲುವುದು. ನೋಡುವವರಿಗೆ ಇದು ಅಂಜುಬುರುಕತನವೆನಿಸಬಹುದು. ಬ್ಯಾಟರಿಯಲ್ಲಿ ಇನ್ನೂ ಶೇಕಡ ಎಪ್ಪತ್ತಿರುವಾಗ ನಿಲ್ಲುವುದೇಕೆ ಎಂದು ಗೃಹಸ್ಥನೂ ಕೇಳಿಯೇ ಕೇಳುತ್ತಾನೆ. ನಿಲ್ಲಬೇಕಾದದ್ದು ಉಪ್ಪಿನಂಗಡಿ ಕವಲುದಾರಿಯಾದ್ದರಿಂದ. ಶಿರಾಡಿ ತೆರೆದಿದ್ದರೆ ನೆಟ್ಟಗೆ ಗುಂಡ್ಯಕ್ಕೆ. ಮುಚ್ಚಿದ್ದರೆ ಅಲ್ಲಿಂದಲೇ ಗುರುವಾಯನಕೆರೆ, ಉಜಿರೆ, ಚಾರ್ಮಾಡಿ ಘಟ್ಟ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು ಎಂದು ಹಾಸನ ಸೇರಬಹುದು. ದಾರಿ ಉದ್ದ, ಏರು ಹೆಚ್ಚು ಕಡಮೆ ಅಷ್ಟೇ, ಯಂತ್ರಗಳು ವಿರಳ. ಚಾರ್ಮಾಡಿಯೂ ಮಳೆಯಲ್ಲಿ ಮುಚ್ಚುವುದುಂಟಾದ್ದರಿಂದ ಅದನ್ನೂ ವಿಚಾರಿಸಿಕೊಂಡೇ ಹೊರಡಬೇಕು. ಗುಂಡ್ಯದವರೆಗೆ ಹೋಗಿ ಹಿಂದಿರುಗಿದವನು ಎಪ್ಪತ್ತು ಕಿಲೋಮೀಟರು ವ್ಯರ್ಥಮಾಡಿಕೊಂಡಿರುತ್ತಾನೆ. ಕವಲಿನಲ್ಲಿ ತುಂಬಿಕೊಂಡು ನಿಂತವನು ಎರಡು ದಾರಿಗೂ ಸಿದ್ಧನಾಗಿರುತ್ತಾನೆ. ಎರಡೂ ಘಟ್ಟ ಮುಚ್ಚಿದ್ದರೆ? ಆಗ ಮಂಗಳೂರಿಗೆ ಹಿಂದಿರುಗಿ ತಂಗಿಯ ಹೊಸ ಮನೆಯಲ್ಲಿ ಮತ್ತೆರಡು ದಿನ ಇರುವುದು. ಹಿಂದಿರುಗಲು ಬೇಕಾದ ಯೂನಿಟ್ಟನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು, ತಾಯಿಯ ಇನ್ಸುಲಿನ್ನನ್ನು ನಾಲ್ಕು ದಿನಕ್ಕೆ ಹೆಚ್ಚಾಗಿ ತಂದಿರುವ ಹಾಗೆ.

ಇಷ್ಟೆಲ್ಲ ಭಾರವನ್ನು ಪ್ರಯಾಣಿಕನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವೆ ಎಂದು ಯಾರಾದರೂ ಕೇಳಬಹುದು. ನ್ಯಾಯವಲ್ಲ. ಕೇಂದ್ರ ಸರ್ಕಾರದ ವಿದ್ಯುತ್ ಸಚಿವಾಲಯವು ೨೦೧೮ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೆದ್ದಾರಿಯ ಎರಡು ಬದಿಗಳಲ್ಲಿಯೂ ೨೫ ಕಿಲೋಮೀಟರಿಗೆ ಒಂದರಂತೆ ಕೇಂದ್ರವಿರಬೇಕೆಂದು ಹೇಳಿತ್ತು. ಸೂಚಿಸಿದ ಅಂತರ ಸಮಂಜಸವಾದುದು; ಹಾಗೆ ಇದ್ದರೆ ಮೇಲಿನ ನೋಟುಬುಕ್ಕೇ ಬೇಕಾಗುತ್ತಿರಲಿಲ್ಲ. ಕರ್ನಾಟಕವಂತೂ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ೨೦೧೭ರಲ್ಲಿಯೇ ಪ್ರಕಟಿಸಿದ ದೇಶದ ಮೊದಲ ರಾಜ್ಯ. ೨೦೨೪ರ ಕೊನೆಯ ಹೊತ್ತಿಗೆ ಇಲ್ಲಿನ ಸಾರ್ವಜನಿಕ ಕೇಂದ್ರಗಳ ಸಂಖ್ಯೆ ೫,೭೦೦ನ್ನು ದಾಟಿ ಎಲ್ಲ ರಾಜ್ಯಗಳಿಗಿಂತ ಮುಂದಿತ್ತು. ಆದರೆ ಅವುಗಳಲ್ಲಿ ೪,೦೦೦ಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದುವು. ಮನೆಯಲ್ಲಿ ಪ್ಲಗ್ಗು ಇರುವವನಿಗೆ ಬೆಂಗಳೂರಿನಲ್ಲಿ ಕೇಂದ್ರದ ಅಗತ್ಯ ತೀರ ಕಡಮೆ. ಅವನಿಗೆ ಅದು ಬೇಕಾಗುವುದು ಮನೆಯಿಂದ ದೂರದಲ್ಲಿ, ಹಿರೀಸಾವೆಯಲ್ಲಿ, ನೆಲ್ಯಾಡಿಯಲ್ಲಿ, ಕೊಟ್ಟಿಗೆಹಾರದಲ್ಲಿ. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿರುವವರ ಮಾತು ಬೇರೆ; ಅವರಿಗೆ ನಗರದ ಕೇಂದ್ರವೇ ಆಧಾರ. ಆದರೂ ಹಂಚಿಕೆ ಈ ಬಗೆಯಲ್ಲಿ ಒಂದೇ ಕಡೆಗೆ ವಾಲಿರಬೇಕಾಗಿಲ್ಲ.

ಸಂಖ್ಯೆಗಿಂತಲೂ ದೊಡ್ಡ ಪ್ರಶ್ನೆ ದುರಸ್ತಿಯದು. ಯಂತ್ರವನ್ನು ನಿಲ್ಲಿಸುವ ದಿನ ಟೇಪು ಕತ್ತರಿಸುವುದಕ್ಕೆ ಜನ ಸೇರುತ್ತಾರೆ. ಅದು ಕೆಟ್ಟ ದಿನ ಬರುವವರಿಲ್ಲ. ಹಿಂದಿನ ಕಾಲದಲ್ಲಿ ದಾರಿಯ ಬದಿಯಲ್ಲಿ ಅರವಟ್ಟಿಗೆ ಇಡುವವರು ಬೇಸಗೆಯುದ್ದಕ್ಕೂ ದಿನಬೆಳಗಾದರೆ ಮಡಕೆ ತೊಳೆದು ನೀರು ತುಂಬುವ ಒಬ್ಬ ಮನುಷ್ಯನನ್ನು ಮೊದಲು ಗೊತ್ತುಮಾಡಿ, ಆಮೇಲೆ ಚಪ್ಪರ ಹಾಕುತ್ತಿದ್ದರು. ಬರಿಯ ಚಪ್ಪರವನ್ನು ಯಾರೂ ಅರವಟ್ಟಿಗೆಯೆಂದು ಕರೆಯಲಿಲ್ಲ. ಕೆಟ್ಟುನಿಂತ ಯಂತ್ರವನ್ನು ಕೇಂದ್ರಗಳ ಲೆಕ್ಕದಿಂದ ಕಳೆಯಬೇಕೆಂಬ ನಿಯಮವೊಂದು ಬಂದರೆ ಅಂಕಿಗಳು ಒಂದಿಷ್ಟು ಕುಗ್ಗಿಯಾವು. ದಾರಿಯಲ್ಲಿರುವವನಿಗೆ ಮಾತ್ರ ಅದರಿಂದ ಉಪಕಾರ. ಎಷ್ಟು ಯಂತ್ರಗಳಿವೆಯೆಂಬುದಕ್ಕಿಂತ ಈ ಹೊತ್ತು ಎಷ್ಟು ಓಡುತ್ತಿವೆಯೆಂಬುದು ತಿಳಿದರೆ, ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಮಧ್ಯಾಹ್ನದ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡಿಯಾಳು.

ಇಷ್ಟಾದರೂ ಈ ಬಗೆಯ ಪ್ರಯಾಣದಲ್ಲಿ ಒಂದು ಸುಖವಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಪೆಟ್ರೋಲು ಕಾರಿನಲ್ಲಿ ಆರೇಳು ಗಂಟೆಯಲ್ಲಿ ಮಂಗಳೂರು ಸೇರಿದವರು ದಾರಿಯಲ್ಲಿ ಏನು ಕಂಡೆವೆಂದು ಹೇಳಲಾರರು. ಈ ಕುಟುಂಬ ಹಾಸನದಲ್ಲಿ ಒಂದೂವರೆ ಗಂಟೆ ಕುಳಿತಿತು. ಉಪ್ಪಿನಂಗಡಿಯಲ್ಲಿ ಮಕ್ಕಳು ನೇತ್ರಾವತಿ ಕುಮಾರಧಾರೆಗಳು ಕೂಡುವುದನ್ನು ಕೊಡೆ ಹಿಡಿದು ನೋಡಿಬಂದರು. ಅಜ್ಜಿ ತನ್ನ ಮದುವೆಯ ಮಾರನೆಯ ವರ್ಷ ಬಸ್ಸಿನಲ್ಲಿ ಇದೇ ಘಟ್ಟ ಇಳಿದಾಗ ಎಂಜಿನ್ನು ಕಾದು ನಿಂತದ್ದನ್ನೂ, ಕಂಡಕ್ಟರು ತೊರೆಯಿಂದ ನೀರು ಹೊತ್ತು ತಂದು ಹೊಯ್ದದ್ದನ್ನೂ ಹೇಳಿದಳು. ಆ ಕಥೆಯನ್ನು ಆಕೆ ಮೊದಲು ಯಾರಿಗೂ ಹೇಳಿರಲಿಲ್ಲ. ಹೇಳುವಷ್ಟು ಹೊತ್ತು ಕಾರು ಎಲ್ಲಿಯೂ ನಿಂತಿರಲಿಲ್ಲ.

ಆ ದಿನ ಶಿರಾಡಿ ತೆರೆದಿತ್ತು. ಸಕಲೇಶಪುರದ ತಲೆಗೆ ಹತ್ತಿದಾಗ ಶೇಕಡ ಐವತ್ತು ಉಳಿದಿತ್ತು. ಚನ್ನರಾಯಪಟ್ಟಣದ ಯಂತ್ರಕ್ಕೆ ದೀಪ ಬಂದಿತ್ತು. ಕಾವಲುಗಾರನು ಗುರುತು ಹಿಡಿದು ನಕ್ಕ. ಹೆಂಡತಿ ನೋಟುಬುಕ್ಕಿನಲ್ಲಿ ಆ ಊರಿನ ಹೆಸರಿನ ಮುಂದೆ ತಾರೀಖು ಬರೆದು, ‘ಓಡುತ್ತಿದೆ’ ಎಂದು ಗುರುತು ಮಾಡಿದಳು. ಆಮೇಲೆ ಅದೇ ಟಿಪ್ಪಣಿಯನ್ನು ದೂರವಾಣಿಯ ನಕ್ಷೆಯಲ್ಲಿಯೂ, ಹಿಂದೆ ಬರುವ ಯಾರಿಗಾದರೂ ಆಗಲೆಂದು, ಬರೆಯತೊಡಗಿದಳು.